ನಿಯತ್ತಿಗೆ ಅಂಕವುಂಟೆ?

ಇಂಡೋನೇಷ್ಯದಲ್ಲಿ ಧರ್ಮಬೋಧನೆಯು ಶಾಲೆಯ ಕಡ್ಡಾಯ ವಿಷಯ. ೨೦೦೩ರ ಶಿಕ್ಷಣ ಕಾಯಿದೆಯಂತೆ ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನ ಧರ್ಮದ ಶಿಕ್ಷಣವನ್ನು ಸ್ವಧರ್ಮೀಯ ಗುರುವಿನಿಂದ ಪಡೆಯುವ ಹಕ್ಕುಂಟು. ಹೀಗೆ ಕಲಿಸಿದ ಇಸ್ಲಾಂ ಧರ್ಮವನ್ನು ವಿದ್ಯಾರ್ಥಿ ಕಲಿತನೆಂದು ನಿರ್ಣಯಿಸುವುದು ಹೇಗೆ? ಅಲ್ಲಿಯ ೨೦೧೩ರ ಪಠ್ಯಕ್ರಮವು ಕೊಟ್ಟ ಉತ್ತರ 'ನೈಜ ಮೌಲ್ಯಮಾಪನ': ಬಾಯಿಪಾಠವನ್ನಲ್ಲ, ಕಲಿತದ್ದನ್ನು ಬಾಳಿನಲ್ಲಿ ಬಳಸುವ ಶಕ್ತಿಯನ್ನು ಪರೀಕ್ಷಿಸತಕ್ಕದ್ದು.

ಈ ತತ್ತ್ವ ಒಪ್ಪತಕ್ಕದ್ದೇ. ಜಕಾತಿನ ಲಕ್ಷಣವನ್ನು ಬರೆಸುವುದು ಒಂದು ಪರೀಕ್ಷೆ. ವ್ಯಾಪಾರಿಯೊಬ್ಬನ ಸರಕು, ನಗದು, ಸಾಲಗಳ ವಾರ್ಷಿಕ ಲೆಕ್ಕವನ್ನು ಮುಂದಿಟ್ಟು, ಅದು ೮೫ ಗ್ರಾಂ ಚಿನ್ನದ ಬೆಲೆಯನ್ನು ಮುಟ್ಟುವುದೇ, ಮುಟ್ಟಿದರೆ ನೂರಕ್ಕೆ ಎರಡೂವರೆಯಂತೆ ಸಲ್ಲತಕ್ಕದ್ದೆಷ್ಟು ಎಂದು ಕೇಳುವುದು ಇನ್ನೊಂದು. ಬ್ಯಾಂಕಿನ ಖಾತೆಗಳ ನಡುವೆ ದಿನ ಕಳೆಯುವ ನನಗೆ ಎರಡನೆಯದೇ ನಿಜವಾದ ಪರೀಕ್ಷೆಯೆನಿಸುತ್ತದೆ. ಇದು ಹೊಸತೂ ಅಲ್ಲ. ಜಾವಾದ ಪೆಸಾಂತ್ರೆನ್ ಎಂಬ ಗುರುಕುಲಗಳ 'ಸೊರೊಗನ್' ಪದ್ಧತಿಯಲ್ಲಿ ಶಿಷ್ಯನು ಒಬ್ಬನೇ ಗುರುವಿನೆದುರು ಕುಳಿತು ಗ್ರಂಥವನ್ನೋದಿ ಅರ್ಥ ಹೇಳುತ್ತಾನೆ. ಗುರು ಅಲ್ಲಿಯೇ ತಿದ್ದುತ್ತಾನೆ. ಕುರಾನ್ ಪಠನದ ಉಚ್ಚಾರಣ ನಿಯಮವಾದ ತಜ್ವೀದಂತೂ ಕಿವಿಯಿಂದಲೇ ಪರೀಕ್ಷಿಸಬೇಕಾದ ವಿದ್ಯೆ.

ಆದರೆ ಪಠ್ಯಕ್ರಮವು ಅಲ್ಲಿಗೆ ನಿಲ್ಲಲಿಲ್ಲ. ಜ್ಞಾನ, ಕೌಶಲಗಳೊಡನೆ ಆಧ್ಯಾತ್ಮಿಕ ಹಾಗೂ ಸಾಮಾಜಿಕ ಮನೋಭಾವಗಳನ್ನೂ ಅಳೆಯಹೊರಟಿತು. ಗುರುವಿನ ಅವಲೋಕನ, ವಿದ್ಯಾರ್ಥಿಯ ಸ್ವಪರೀಕ್ಷೆ, ಸಹಪಾಠಿಗಳ ಅಭಿಪ್ರಾಯ, ಇವೆಲ್ಲ ಅದರ ಸಾಧನಗಳಾದುವು. ೨೦೧೬ರ ಪರಿಷ್ಕರಣದಲ್ಲಿ ಇತರ ವಿಷಯಗಳು ಬಹುಮಟ್ಟಿಗೆ ಈ ಹೊರೆಯಿಂದ ಪಾರಾದುವು. ಧರ್ಮ ಮತ್ತು ಪೌರನೀತಿಯ ಗುರುಗಳಿಗೆ ಅದು ಉಳಿಯಿತು. ೨೦೨೪ರಲ್ಲಿ ಬೇರೊಂದು ಪಠ್ಯಕ್ರಮವು ರಾಷ್ಟ್ರದ ಪಠ್ಯಕ್ರಮವೆಂದು ಘೋಷಿತವಾಗಿದೆ. ಪ್ರಶ್ನೆ ಮಾತ್ರ ತೀರಿಲ್ಲ.

ಐದು ವೇಳೆಯ ನಮಾಜಿನ ಪಟ್ಟಿಯನ್ನು ಕೊಟ್ಟು, ಮಾಡಿದುದಕ್ಕೆ ಗುರುತು ಹಾಕಿರೆಂದು ಹೇಳಿ, ಗುರುತುಗಳಿಗೆ ಅಂಕವಿತ್ತೆವೆನ್ನೋಣ. ಬೆಳಗಿನ ನಮಾಜು ತಪ್ಪಿತೆಂದು ನಿಜ ಬರೆದ ಹುಡುಗನಿಗೆ ಅಂಕ ಕಡಮೆ. ಐದಕ್ಕೂ ಸುಳ್ಳು ಗುರುತಿಟ್ಟವನಿಗೆ ಪೂರ್ಣಾಂಕ. ಸತ್ಯಸಂಧತೆಯನ್ನು ಅಳೆಯಬಂದ ಸಾಧನವೇ ಅದನ್ನು ದಂಡಿಸಿತು! ಇಸ್ಲಾಂ ಕರ್ಮದ ಬೆಲೆಯನ್ನು ನಿಯತ್ತಿನಲ್ಲಿರಿಸಿದೆ. ಪರರು ಕಾಣಲೆಂದು ಮಾಡುವ ಆರಾಧನೆಯನ್ನು 'ರಿಯಾ' ಎಂಬ ದೋಷವೆಂದೆಣಿಸಿದೆ. ಅಂಕಕ್ಕಾಗಿ ತೋರುವ ಭಕ್ತಿ ಈ ದೋಷಕ್ಕೆ ಶಾಲೆಯೇ ಹಾಕಿಕೊಟ್ಟ ಹಾದಿಯಲ್ಲವೇ?

ನಮಾಜಿಗೆ ಮುನ್ನಿನ ಅಂಗಶುದ್ಧಿಯ ಕ್ರಮಕ್ಕೆ, ಪಠನಕ್ಕೆ, ಜಕಾತಿನ ಲೆಕ್ಕಕ್ಕೆ ಅಂಕವಿರಲಿ. ಮನೋಭಾವವನ್ನು ಗುರು ಗಮನಿಸಲಿ, ಶಿಷ್ಯನೊಡನೆ ಏಕಾಂತದಲ್ಲಿ ಮಾತನಾಡಲಿ. ಅಂಕಪಟ್ಟಿಗೆ ಏರಿಸುವುದು ಬೇಡ. ನಿಯತ್ತೆಂಬ ಆ ಅರಬ್ಬೀ ಮಾತು ಕನ್ನಡದಲ್ಲಿಯೂ ನೆಲೆಸಿದೆ. ಒಬ್ಬನನ್ನು 'ನಿಯತ್ತಿನ ಮನುಷ್ಯ'ನೆಂದು ನಾವು ಕರೆಯುವುದು ಬಹುಕಾಲದ ಒಡನಾಟದ ಮೇಲೆ, ಯಾವ ಪಟ್ಟಿಯನ್ನೂ ನೋಡಿ ಅಲ್ಲ.