ಜೊತೆ ಹುಡುಕುವ ಎಳೆಗಳು

ನಾರ್ವೆಯ ಬರ್ಗೆನ್‌ನ ವಿಗ್ಡಿಸ್ ಟೋರ್ಸ್ವಿಕ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನಗೆ ಬಲು ಇಷ್ಟ. ಕಾಡಿನ ಮಣ್ಣಿನಿಂದ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಅವುಗಳ ಡಿಎನ್‌ಎ ತೆಗೆದರು. ಜೊತೆಗೆ ಅಂಟಿ ಬರುವ ಕಂದು ಹ್ಯೂಮಿಕ್ ಆಮ್ಲವನ್ನು ಕಳೆಯುವುದೇ ದೊಡ್ಡ ಪಾಡು. ಶುದ್ಧ ಡಿಎನ್‌ಎ ಕಾಯಿಸಿದರೆ ಜೋಡಿ ಎಳೆಗಳು ಬಿಡಿಯಾಗುತ್ತವೆ. ಬಿಸಿ ಇಳಿಸಿದಾಗ ಒಂದೊಂದು ಎಳೆಯೂ ಜಾತ್ರೆಯಲ್ಲಿ ತಪ್ಪಿಸಿಕೊಂಡವರಂತೆ ತನ್ನ ಜೊತೆಯನ್ನು ಹುಡುಕುತ್ತದೆ. ಬಗೆಗಳು ಹೆಚ್ಚಿದಷ್ಟೂ ಹುಡುಕಾಟ ನಿಧಾನ. ಎಳೆಗಳು ಕೂಡುತ್ತ ಹೋದಂತೆ ಅವು ಹೀರುವ ಅತಿನೇರಳೆ ಬೆಳಕು ಕಡಿಮೆಯಾಗುತ್ತದೆ, ಅಳೆದದ್ದು ಅಷ್ಟನ್ನೇ! ಡಿಎನ್‌ಎಯ ಅಕ್ಷರಗಳನ್ನು ಓದುವ ಇಂದಿನ ಸೀಕ್ವೆನ್ಸಿಂಗ್ ಯಂತ್ರಗಳು ಬ್ಯಾಕ್ಟೀರಿಯಾ ಹೆಸರುಗಳ ರಾಶಿಯನ್ನೇ ಸುರಿಯುತ್ತವೆ, ನಿಜ. ಇವರು ಒಂದು ಅಕ್ಷರವನ್ನೂ ಓದದೆ ಲೆಕ್ಕ ಹಾಕಿದರು: ಸುಮಾರು 4,000 ಬೇರೆ ಬೇರೆ ಜೀನೋಮ್‌ಗಳಿಗೆ ಸಮನಾದ ವೈವಿಧ್ಯ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳು ತೋರಿದ್ದಕ್ಕಿಂತ ಅದು ನೂರು ಪಟ್ಟಿಗೂ ಮಿಕ್ಕಿತ್ತು.