ಆಡುಬನ್ನನ ಪಕ್ಷಿಪಟಗಳು

ಚಿತ್ರಕ್ಕೆ ಆರು ಅಂಗಗಳುಂಟೆಂದು ಕಾಮಸೂತ್ರದ ಜಯಮಂಗಲಾ ವ್ಯಾಖ್ಯಾನದಲ್ಲಿ ಯಶೋಧರನು ಎಣಿಸಿಕೊಟ್ಟಿದ್ದಾನೆ. ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂಬವೇ ಅವು. ಇವುಗಳಲ್ಲಿ ಪ್ರಮಾಣ ಸಾದೃಶ್ಯಗಳೆರಡನ್ನು ಹಠದಿಂದ ಹಿಡಿದು, ಅವುಗಳಿಗಾಗಿ ಹಣವನ್ನೂ ಸಂಸಾರಸುಖವನ್ನೂ ತೆತ್ತ ಚಿತ್ರಕಾರನೊಬ್ಬನು ಅಮೆರಿಕದಲ್ಲಿ ಆಗಿಹೋದನು. ಜಾನ್ ಜೇಮ್ಸ್ ಆಡುಬನ್ ಎಂಬುದು ಅವನ ಹೆಸರು. ಆ ಖಂಡದ ಹಕ್ಕಿಗಳನ್ನು ಅವುಗಳ ನಿಜವಾದ ಅಳತೆಯಲ್ಲಿಯೇ ಬರೆದು, ‘ಅಮೆರಿಕದ ಪಕ್ಷಿಗಳು’ ಎಂಬ ಹೆಸರಿನಿಂದ ೧೮೨೭ರಿಂದ ೧೮೩೮ರ ವರೆಗೆ ೪೩೫ ಪಟಗಳಾಗಿ ಅಚ್ಚು ಹಾಕಿಸಿದವನು ಈತನೇ. ಈತನನ್ನು ಕುರಿತು ಪಾಶ್ಚಾತ್ಯರು ಬರೆದಿರುವುದು ವಿಪುಲವಾಗಿದೆ. ಹಳೆಯ ಬರಹಗಳೆಲ್ಲ ಸ್ತೋತ್ರ. ಈಚಿನವುಗಳಲ್ಲಿ ಬಹುಭಾಗ ದೂಷಣೆ. ಎರಡು ಪಕ್ಷದವರೂ ಪಟಗಳನ್ನು ಬದಿಗಿಟ್ಟು ಮನುಷ್ಯನ ಮೇಲೆಯೇ ವ್ಯವಹಾರ ಹೂಡುತ್ತಾರೆ. ಪಟಗಳನ್ನೇ ಮುಂದಿಟ್ಟುಕೊಂಡು, ಅವುಗಳಲ್ಲಿ ಕಾಣುವುದೇನು, ಕಾಣದಂತೆ ಅಳಿಸಿಹಾಕಿದ್ದೇನು ಎಂಬುದನ್ನು ವಿಚಾರಿಸುವುದು ಇಲ್ಲಿಯ ಉದ್ದೇಶ.

ಆತನ ಜೀವನವನ್ನು ನಮಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಈಗ ಹೈಟಿಯೆನ್ನಿಸಿಕೊಳ್ಳುವ ದ್ವೀಪಭಾಗದಲ್ಲಿ ೧೭೮೫ರಲ್ಲಿ ಫ್ರೆಂಚ್ ನಾವಿಕನೊಬ್ಬನಿಗೆ ವಿವಾಹಬಾಹಿರನಾದ ಮಗನಾಗಿ ಹುಟ್ಟಿದನು. ಹೆತ್ತ ತಾಯಿಯು ಕೆಲವು ತಿಂಗಳುಗಳಲ್ಲಿಯೇ ತೀರಿಕೊಂಡಳು. ತಂದೆಯ ಧರ್ಮಪತ್ನಿಯು ಫ್ರಾನ್ಸಿನಲ್ಲಿ ಸಾಕಿ ಬೆಳೆಸಿದಳು. ನೆಪೋಲಿಯನ್ನನ ಸೈನ್ಯಕ್ಕೆ ಹಿಡಿದುಕೊಂಡು ಹೋದಾರೆಂಬ ಭಯದಿಂದ ತಂದೆಯು ೧೮೦೩ರಲ್ಲಿ ಹುಡುಗನನ್ನು ಅಮೆರಿಕಕ್ಕೆ ಕಳುಹಿಸಿದನು. ೧೮೦೮ರಲ್ಲಿ ಲೂಸಿ ಬೇಕ್‌ವೆಲ್ ಎಂಬಾಕೆಯನ್ನು ವರಿಸಿ, ಕೆಂಟಕಿ ಸೀಮೆಯಲ್ಲಿ ಅಂಗಡಿಯಿಟ್ಟು, ಉಗಿಯಿಂದ ನಡೆಯುವ ಗಿರಣಿಯೊಂದನ್ನು ಕಟ್ಟಿಸಿ, ೧೮೧೯ರಲ್ಲಿ ದಿವಾಳಿಯೆದ್ದು, ಸಾಲಕ್ಕಾಗಿ ಸೆರೆಮನೆಯನ್ನೂ ಕಂಡನು. ಮರುವರ್ಷ ಬಂದೂಕು, ಕಾಗದ, ಬಣ್ಣದ ಕಡ್ಡಿಗಳೊಡನೆ ದೋಣಿಯನ್ನೇರಿ ಒಹಾಯೋ, ಮಿಸಿಸಿಪ್ಪಿ ನದಿಗಳ ಗುಂಟ ಹೊರಟುಬಿಟ್ಟನು. ಆಮೇಲೆ ವರ್ಷಗಟ್ಟಲೆ ಸಂಸಾರವನ್ನು ನಡೆಸಿದವಳು ಲೂಸಿ. ಲೂಯಿಸಿಯಾನ ಪ್ರಾಂತದ ಜಮೀನ್ದಾರರ ಮಕ್ಕಳಿಗೆ ಓದುಬರಹ ಕಲಿಸಿ ಗಂಡುಮಕ್ಕಳಿಬ್ಬರನ್ನು ಸಾಕಿದಳು. ೧೮೨೬ರಲ್ಲಿ ಗಂಡನು ಅಚ್ಚಿನ ಏರ್ಪಾಟಿಗಾಗಿ ಇಂಗ್ಲೆಂಡಿಗೆ ಹೊರಟಾಗ ಅವನ ಬೆಂಬಲಕ್ಕಿದ್ದುದೂ ಆಕೆಯ ಸಂಪಾದನೆಯೇ. ತಾನು ಪ್ಯಾರಿಸಿನ ಪ್ರಖ್ಯಾತ ಚಿತ್ರಕಾರ ದವೀದನ ಶಿಷ್ಯನೆಂದು ಆಡುಬನ್ನನು ಹೇಳಿಕೊಳ್ಳುತ್ತಿದ್ದುದುಂಟು. ಅದಕ್ಕೆ ಆಧಾರ ದೊರೆತಿಲ್ಲ. ಗುರುವಿಲ್ಲದೆ ಕಲಿತವರು ದೊಡ್ಡ ಗುರುವೊಬ್ಬನನ್ನು ಕಲ್ಪಿಸಿಕೊಳ್ಳುವುದು ನಮ್ಮ ಸಂಗೀತಗಾರರಲ್ಲಿಯೂ ಕಂಡದ್ದೇ.

ಅವನಿಗೆ ಮುಂಚೆ ಅಮೆರಿಕದ ಹಕ್ಕಿಗಳನ್ನು ಬರೆದವನು ಅಲೆಕ್ಸಾಂಡರ್ ವಿಲ್ಸನ್. ಸ್ಕಾಟ್ಲೆಂಡಿನಲ್ಲಿ ನೇಯ್ಗೆ ಕಲಿತು, ಕವಿತೆ ಕಟ್ಟಿ, ಅಮೆರಿಕಕ್ಕೆ ಬಂದು ಉಪಾಧ್ಯಾಯವೃತ್ತಿಯಿಂದ ಜೀವಿಸಿದವನು. ನಮ್ಮ ವೃತ್ತಿಬಾಂಧವನೆಂಬ ಅಭಿಮಾನ ನನಗಿದೆ. ಅವನ ಗ್ರಂಥವು ೧೮೦೮ರಿಂದ ೧೮೧೪ರೊಳಗೆ ಒಂಬತ್ತು ಸಂಪುಟಗಳಾಗಿ ಹೊರಬಂದಿತು. ಅದರಲ್ಲಿ ಒಂದೊಂದು ಹಾಳೆಯಲ್ಲಿಯೂ ಹಲವು ಜಾತಿಯ ಹಕ್ಕಿಗಳನ್ನು ಒತ್ತೊತ್ತಾಗಿ ಕೂರಿಸಿದೆ. ಬಹುತೇಕ ಎಲ್ಲವೂ ಪಕ್ಕಕ್ಕೆ ಮುಖ ಮಾಡಿವೆ; ಹೆಸರು ಕೂಗಿದರೆ ಹಾಜರಿ ಹೇಳಲು ನಿಂತ ಬಾಲಕರಂತಿವೆ. ಗುರುತು ಹಿಡಿಯುವುದಕ್ಕೆ ಅಷ್ಟು ಸಾಕು. ಆಡುಬನ್ನನಿಗೆ ಅಷ್ಟು ಸಾಲಲಿಲ್ಲ. ಆಗತಾನೆ ಹೊಡೆದ ಹಕ್ಕಿಯನ್ನು ಚೌಕಗಳನ್ನೆಳೆದ ಹಲಗೆಯ ಮೇಲೆ ತಂತಿಗಳಿಂದ ಚುಚ್ಚಿ ನಿಲ್ಲಿಸಿ, ಜೀವಂತವಾಗಿದ್ದಾಗ ತಾನು ಕಂಡ ಭಂಗಿಗೆ ಅದರ ಕತ್ತನ್ನೂ ರೆಕ್ಕೆಯನ್ನೂ ಬಾಗಿಸಿ, ಅದೇ ಅಳತೆಯ ಚೌಕಗಳಿರುವ ಕಾಗದಕ್ಕೆ ಗೆರೆಗೆರೆಯಾಗಿ ಇಳಿಸುತ್ತಿದ್ದನು. ಪ್ರಮಾಣದಲ್ಲಿ ಎಳ್ಳಷ್ಟೂ ರಿಯಾಯಿತಿಯಿಲ್ಲ. ಅಚ್ಚಿನ ಹಾಳೆಯು ಸುಮಾರು ೩೯½ ಅಂಗುಲ ಉದ್ದ, ೨೬½ ಅಂಗುಲ ಅಗಲ. ಅದಕ್ಕಿಂತ ದೊಡ್ಡ ಕಾಗದ ಆ ಕಾಲದಲ್ಲಿ ದೊರೆಯುವುದು ಕಷ್ಟವಾಗಿತ್ತು. ನಾವೀಗ ರಾಜಹಂಸವೆಂದು ಕರೆಯುವ ನೀಳಗಾಲಿನ ಫ್ಲೆಮಿಂಗೋ ಹಕ್ಕಿಯು ೪೩೧ನೆಯ ಪಟದಲ್ಲಿ ಕತ್ತನ್ನು ನೆಲದವರೆಗೆ ಬಗ್ಗಿಸಿದೆ. ನೆಟ್ಟಗೆ ನಿಂತರೆ ತಲೆಯು ಹಾಳೆಯ ಹೊರಗಾಗುತ್ತದೆ. ಅನಿವಾರ್ಯದಿಂದ ಹುಟ್ಟಿದ ಆ ಬಾಗು ಇಡಿಯ ಸಂಪುಟದಲ್ಲಿಯೇ ಅತ್ಯಂತ ಸುಂದರವಾದ ರೇಖೆಗಳಲ್ಲೊಂದು. ಛಂದಸ್ಸಿನ ಕಟ್ಟಿನಿಂದಲೇ ಕೆಲವೊಮ್ಮೆ ಕವಿಗೆ ಒಳ್ಳೆಯ ಪದ ಸಿಕ್ಕುವುದಿಲ್ಲವೆ?

ನಮ್ಮ ವಾಚಕರಿಗೆ ಈ ನಿಷ್ಠೆಯ ಬೆಲೆ ತಿಳಿಯಬೇಕಾದರೆ ನಮ್ಮ ಕಾವ್ಯಾಭ್ಯಾಸವನ್ನು ನೆನೆಯಬೇಕು. ಪಾಠಶಾಲೆಯಲ್ಲಿ ಚಕ್ರವಾಕದ ವಿರಹವನ್ನೂ ಚಾತಕದ ಬಾಯಾರಿಕೆಯನ್ನೂ ಕುರಿತು ನಾವು ಕಂಠಪಾಠ ಮಾಡಿದ ಶ್ಲೋಕಗಳಿಗೆ ಲೆಕ್ಕವಿಲ್ಲ. ಚಕ್ರವಾಕವು ಇಂಥ ಹಕ್ಕಿ, ಅದರ ಮೈಬಣ್ಣ ಇಂಥದು, ಚಳಿಗಾಲದಲ್ಲಿ ಕೆರೆಯಂಗಳದಲ್ಲಿ ನೋಡಿರಿ ಎಂದು ಬೆರಳೆತ್ತಿ ತೋರಿಸಿದವರು ಮಾತ್ರ ಒಬ್ಬರೂ ಇಲ್ಲ. ಸಮಯವೆಂದು ಆಲಂಕಾರಿಕರು ಹೆಸರಿಟ್ಟ ಕವಿರೂಢಿಯೇ ಹಕ್ಕಿಯ ಜಾಗದಲ್ಲಿ ಕುಳಿತುಬಿಟ್ಟಿತು.

ಹಕ್ಕಿಯ ಮಾತು ಹೀಗಾಯಿತು. ಆಡುಬನ್ನನ ಪಟಗಳಲ್ಲಿ ಅರ್ಧದ ಶೋಭೆ ಗಿಡಬಳ್ಳಿಗಳದು. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರವನ್ನು ನೋಡುತ್ತ, ಇದು ಇನ್ನೂ ಮುಗಿದಿಲ್ಲವೆನ್ನುತ್ತಾನೆ. ಮಾಲಿನಿಯ ಮರಳುದಿಣ್ಣೆ, ಹಂಸದ ಜೋಡಿ, ನಾರುಬಟ್ಟೆ ತೂಗುಹಾಕಿದ ಮರ, ಅದರಡಿಯ ಜಿಂಕೆಗಳು ಇವೆಲ್ಲ ಬರೆಯದ ಹೊರತು ಆಕೆ ಪೂರ್ಣವಾಗಳೆಂದು ಅವನ ಭಾವ. ಆಡುಬನ್ನನಿಗೂ ಈ ವಿವೇಕವಿತ್ತು. ಕೆರೊಲೈನಾ ಗಿಳಿಗಳ ಪಟವನ್ನು ನೋಡಿರಿ. ಏಳು ಗಿಳಿಗಳು, ಹಸುರು ಮೈ, ಹಳದಿ ತಲೆ; ಅವು ಕುಳಿತಿರುವುದು ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಕಳೆಗಿಡದ ಮೇಲೆ. ಚಂದದ ಹೂವೊಂದನ್ನು ಆರಿಸಬಹುದಾಗಿತ್ತು. ಆದರೆ ಆ ಗಿಳಿಯ ಆಹಾರವೇ ಆ ಕಾಯಿ. ಇನ್ನುಳಿದ ಎಷ್ಟೋ ಪಟಗಳ ಎಲೆಗಳಲ್ಲಿ ಹುಳು ತಿಂದ ತೂತುಗಳೂ ಒಣಗಿದ ಅಂಚುಗಳೂ ಕಾಣುತ್ತವೆ. ಪೂಜೆಗೆ ಆಯ್ದ ಎಲೆಗಳಲ್ಲ, ಕಾಡಿನ ಎಲೆಗಳು.

ಆದರೆ ಈ ಗಿಡಗಳನ್ನು ಬರೆದ ಕೈ ಯಾರದು? ೧೮೨೦ರಲ್ಲಿ ಹೊರಟ ದೋಣಿಯಲ್ಲಿ ಜೋಸೆಫ್ ಮೇಸನ್ ಎಂಬ ಹದಿಮೂರು ವರ್ಷದ ಹುಡುಗನಿದ್ದನು. ಎರಡು ವರ್ಷಗಳ ಕಾಲ ಆಡುಬನ್ನನು ಹಕ್ಕಿಯನ್ನು ಬರೆದರೆ ಹುಡುಗನು ಕೊಂಬೆ, ಎಲೆ, ಹೂಗಳನ್ನು ಬರೆದನು. ಹೀಗೆ ಅವನ ಕೈಹತ್ತಿದ ಚಿತ್ರಗಳು ಐವತ್ತರಷ್ಟು. ಅಚ್ಚಾದ ಪಟಗಳ ಅಡಿಯಲ್ಲಿ ಆಡುಬನ್ನನ ಹೆಸರಿದೆ, ತಾಮ್ರದ ತಗಡಿನ ಮೇಲೆ ಕೊರೆದ ಲಂಡನ್ನಿನ ರಾಬರ್ಟ್ ಹಾವೆಲ್ಲನ ಹೆಸರಿದೆ, ಮೇಸನ್ನನ ಹೆಸರಿಲ್ಲ. ಗುರುವು ಶಿಷ್ಯನ ಕೆಲಸವನ್ನು ತನ್ನ ಹೆಸರಿನಲ್ಲಿ ಹೊರಡಿಸುವುದು ಚಿತ್ರಶಾಲೆಗಳ ಸಂಪ್ರದಾಯವೆಂದು ಸಮಾಧಾನ ಹೇಳುವವರುಂಟು. ಮಕ್ಕಳ ನಡುವೆ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಳೆದ ನನಗೆ ಈ ಸಮಾಧಾನವು ರುಚಿಸುವುದಿಲ್ಲ. ತಾಮ್ರ ಕೊರೆದವನ ಹೆಸರಿಗೆ ಜಾಗವಿದ್ದ ಹಾಳೆಯಲ್ಲಿ ಹೂ ಬರೆದ ಹುಡುಗನ ಹೆಸರಿಗೆ ಜಾಗವಿರಲಿಲ್ಲವೆ?

ಮರಿಯಾ ಮಾರ್ಟಿನ್ ಎಂಬಾಕೆಯ ಸಂಗತಿ ಇಷ್ಟು ಕಹಿಯಲ್ಲ. ಚಾರ್ಲ್ಸ್‌ಟನ್ ಪಟ್ಟಣದ ಪಾದ್ರಿಯೂ ಪ್ರಾಣಿಶಾಸ್ತ್ರಜ್ಞನೂ ಆದ ಜಾನ್ ಬ್ಯಾಕ್‌ಮನ್ನನ ನಾದಿನಿ ಈಕೆ. ೧೮೩೧ರಲ್ಲಿ ಆಡುಬನ್ನನು ಆ ಮನೆಗೆ ಅತಿಥಿಯಾಗಿ ಬಂದಾಗ ಅವನ ಕೆಲಸವನ್ನು ಕಂಡು ಕಲಿತು, ಮುಂದೆ ಅವನ ಪಟಗಳಿಗೆ ಹೂಗಿಡಗಳನ್ನೂ ಕೀಟಗಳನ್ನೂ ಬರೆದುಕೊಟ್ಟಳು. ಮರಕುಟಿಗವೊಂದಕ್ಕೆ ಆಕೆಯ ಹೆಸರನ್ನಿಟ್ಟು ಆಡುಬನ್ನನು ಕೃತಜ್ಞತೆಯನ್ನು ಬಹಿರಂಗವಾಗಿ ಸಲ್ಲಿಸಿದ್ದಾನೆ. ಇವರಿಬ್ಬರೂ ಕೂಡಿ ಮಾಡಿದ ೧೮೫ನೆಯ ಪಟವು ನನ್ನ ಮಟ್ಟಿಗೆ ಇಡಿಯ ಗ್ರಂಥದ ಸಾರ. ಅದರಲ್ಲಿರುವುದು ಬ್ಯಾಕ್‌ಮನ್ನನ ಉಲಿಯಕ್ಕಿಯ ಜೋಡಿ. ಗಂಡಿನ ಎದೆಯ ಮೇಲೆ ಕಪ್ಪು, ಹೊಟ್ಟೆ ಹಳದಿ. ೧೮೩೨ರಲ್ಲಿ ಬ್ಯಾಕ್‌ಮನ್ನನು ಕಂಡುಹಿಡಿದ ಈ ಹಕ್ಕಿಯನ್ನು ಆಡುಬನ್ನನು ಜೀವಂತವಾಗಿ ನೋಡಿದವನೇ ಅಲ್ಲ. ಮಿತ್ರನು ಕಳುಹಿಸಿದ ತೊಗಲುಗಳನ್ನು ಮುಂದಿಟ್ಟುಕೊಂಡು ಬರೆದನು. ಅವು ಕುಳಿತಿರುವುದು ಮರಿಯಾ ಮಾರ್ಟಿನ್ನಳು ಬರೆದ ಫ್ರಾಂಕ್ಲಿನಿಯ ಎಂಬ ಮರದ ಕೊಂಬೆಯ ಮೇಲೆ. ಚಹದ ಕುಲಕ್ಕೆ ಸೇರಿದ ಮರ, ಬಿಳಿಯ ಎಸಳು, ನಡುವೆ ಹಳದಿಯ ಕೇಸರ. ಜಾರ್ಜಿಯ ಪ್ರಾಂತದ ಅಲ್ಟಮಹಾ ನದಿಯ ದಡದಲ್ಲಿ ೧೭೬೫ರಲ್ಲಿ ಬಾರ್ಟ್ರಮ್ ತಂದೆಮಕ್ಕಳು ಇದನ್ನು ಕಂಡರು. ೧೮೦೩ರ ಈಚೆಗೆ ಕಾಡಿನಲ್ಲಿ ಇದನ್ನು ಕಂಡವರಿಲ್ಲ. ಈಗ ಲೋಕದಲ್ಲಿರುವ ಫ್ರಾಂಕ್ಲಿನಿಯ ಮರಗಳೆಲ್ಲ ಬಾರ್ಟ್ರಮ್ಮನು ತಂದು ತೋಟದಲ್ಲಿ ಬಿತ್ತಿದ ಬೀಜದ ಸಂತಾನ. ಹಕ್ಕಿಯ ಗತಿ ಇನ್ನೂ ಕಷ್ಟ. ಅದು ಗೂಡು ಕಟ್ಟುತ್ತಿದ್ದ ಜೌಗುಕಾಡುಗಳನ್ನು ಬಸಿದು ಹೊಲ ಮಾಡಿದರು. ೨೦೨೩ರಲ್ಲಿ ಅಮೆರಿಕದ ಸರ್ಕಾರವು ಆ ಜಾತಿಯು ನಿರ್ವಂಶವಾಯಿತೆಂದು ಪ್ರಕಟಿಸಿತು. ಪಟದಲ್ಲಿಯೋ, ಕಾಡಿನಲ್ಲಿ ಇಲ್ಲವಾದ ಮರದ ಮೇಲೆ ಎಲ್ಲಿಯೂ ಇಲ್ಲವಾದ ಹಕ್ಕಿಯು, ಇನ್ನೇನು ಮುಂದಿನ ಕೊಂಬೆಗೆ ಹಾರಲಿರುವಂತೆ ಮೈಚಾಚಿದೆ. ಸಾದೃಶ್ಯವು ಯಾವುದರ ಸಾದೃಶ್ಯ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹೇಳುವುದು ನನ್ನಿಂದಾಗದು. ಆ ಏಳು ಗಿಳಿಗಳ ಜಾತಿಯ ಕೊನೆಯ ಹಕ್ಕಿಯೂ ೧೯೧೮ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

ಇನ್ನು ಕೊಲೆಯ ಮಾತಿಗೆ ಬರೋಣ. ನಮ್ಮಲ್ಲಿ ಆದಿಕಾವ್ಯವು ಹುಟ್ಟಿದ್ದೇ ಹಕ್ಕಿಯ ಸಾವಿನಿಂದ. ಆದರೆ ಅಲ್ಲಿ ಬಾಣ ಬಿಟ್ಟವನೊಬ್ಬನು, ಕಂಡು ಕರಗಿದವನು ಬೇರೊಬ್ಬನು. ಆಡುಬನ್ನನಲ್ಲಿ ನಿಷಾದನೂ ಕವಿಯೂ ಒಂದೇ ಮೈಯಲ್ಲಿ ಸೇರಿದ್ದಾರೆ. ಛಾಯಾಚಿತ್ರವು ಸಹಾಯಕ್ಕಿಲ್ಲದ ಆ ಕಾಲದಲ್ಲಿ ಹೊಡೆಯದೆ ಬರೆಯುವುದು ಹೇಗೆಂದು ಅವನ ಪಕ್ಷದವರು ಕೇಳುತ್ತಾರೆ. ನ್ಯಾಯವೇ. ಆದರೂ ೧೮೩೩ರಲ್ಲಿ ಬಾಸ್ಟನ್ನಿನಲ್ಲಿ ನಡೆದದ್ದನ್ನು ಆತನೇ ಬರೆದಿಟ್ಟಿದ್ದಾನೆ. ಬಲೆಗೆ ಸಿಕ್ಕಿದ್ದ ಗೋಲ್ಡನ್ ಈಗಲ್ ಎಂಬ ದೊಡ್ಡ ಹದ್ದೊಂದನ್ನು ಜೀವಸಹಿತ ಕೊಂಡುಕೊಂಡನು. ಬಿಟ್ಟುಬಿಡೋಣವೆಂಬ ಯೋಚನೆಯೂ ಬಂದಿತು. ಚಿತ್ರದ ಆಸೆ ಗೆದ್ದಿತು. ಗರಿ ಕೆಡದಂತೆ ಕೊಲ್ಲಬೇಕೆಂದು ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಹೊಗೆ ಹಾಕಿದನು, ಆಮೇಲೆ ಗಂಧಕದ ಹೊಗೆ. ಹದ್ದು ಸಾಯದೆ ಅವನನ್ನೇ ದಿಟ್ಟಿಸುತ್ತಿದ್ದಿತು. ಕೊನೆಗೆ ಚೂಪಾದ ಉಕ್ಕಿನ ಸಲಾಕೆಯಿಂದ ಎದೆಯನ್ನು ಇರಿದನು. ಎರಡು ವಾರ ಬಿಡದೆ ಬರೆದು, ಮುಗಿಸಿದ ಮೇಲೆ ತಾನೇ ಕಾಯಿಲೆ ಬಿದ್ದನು.

ಆ ಚಿತ್ರದಲ್ಲಿ ಹದ್ದು ಬಿಳಿಯ ಮೊಲವೊಂದನ್ನು ಹಿಡಿದು ಬಾಯಿತೆರೆದು ಮೇಲೇರುತ್ತಿದೆ. ಉಗುರು ನಾಟಿದ ಕಡೆ ರಕ್ತ. ಹಿನ್ನೆಲೆಯಲ್ಲಿ ಹಿಮದ ಬೆಟ್ಟ. ಆಡುಬನ್ನನು ತನ್ನ ಕೈಯಿಂದ ಬರೆದ ಮೂಲದಲ್ಲಿ, ಕೆಳಗೆ ಮೂಲೆಯಲ್ಲಿ, ಕಂದರಕ್ಕೆ ಅಡ್ಡಲಾಗಿ ಬಿದ್ದ ಮರದ ದಿಮ್ಮಿಯ ಮೇಲೆ ಸಣ್ಣ ಮನುಷ್ಯನೊಬ್ಬನು ತೆವಳುತ್ತಿದ್ದಾನೆ. ಬೆನ್ನ ಮೇಲೆ ಬಂದೂಕೂ ಹೊಡೆದ ಹಕ್ಕಿಯೂ ಇವೆ. ಅದು ಅವನದೇ ರೂಪವೆಂದು ಬಲ್ಲವರು ಬಹುಮಂದಿ ಭಾವಿಸುತ್ತಾರೆ. ೧೮೧ನೆಯ ಪಟವಾಗಿ ಅಚ್ಚಾದಾಗ ದಿಮ್ಮಿಯ ಮೇಲಣ ಆ ಮನುಷ್ಯನಿಲ್ಲ. ಇದು ಸಣ್ಣ ತಿದ್ದುಪಡಿಯೆಂದು ದಾಟಿಹೋಗುವವರೊಡನೆ ನನಗೆ ಒಪ್ಪಿಗೆಯಿಲ್ಲ. ಮೂಲದಲ್ಲಿ ಮೊಲವನ್ನು ಕೊಂದ ಹದ್ದು, ಹದ್ದನ್ನು ಕೊಲ್ಲಬಲ್ಲ ಮನುಷ್ಯ, ಇಬ್ಬರೂ ಒಂದೇ ಆಕಾಶದ ಕೆಳಗಿದ್ದರು; ಯಾರ ಹಸಿವು ಹೆಚ್ಚಿನದೆಂದು ನೋಡುವವನು ಯೋಚಿಸಬೇಕಾಗಿತ್ತು. ಅಚ್ಚಿನಲ್ಲಿ ಕ್ರೌರ್ಯವೆಲ್ಲ ಹದ್ದಿನ ಪಾಲಿಗೆ ಬಂದಿದೆ. ಚಿತ್ರವು ಮೊದಲಿಗಿಂತ ಭವ್ಯವಾಗಿದೆ, ಮೊದಲಿಗಿಂತ ಸುಳ್ಳಾಗಿದೆ.

ಈಗ ಅಮೆರಿಕದಲ್ಲಿ ನಡೆದಿರುವ ವಾದವು ಇದಕ್ಕಿಂತ ದೊಡ್ಡ ವಿಷಯವನ್ನು ಹಿಡಿದಿದೆ. ಆಡುಬನ್ನನು ಮನುಷ್ಯರನ್ನು ಕೊಂಡು ದಾಸರಾಗಿಟ್ಟುಕೊಂಡವನು. ೧೮೧೯ರಲ್ಲಿ ತನ್ನನ್ನು ದೋಣಿಯಲ್ಲಿ ಕರೆದೊಯ್ದ ಇಬ್ಬರು ದಾಸರನ್ನು ನ್ಯೂ ಆರ್ಲಿಯನ್ಸಿನಲ್ಲಿ ಮಾರಿಬಿಟ್ಟನು. ದಾಸ್ಯವನ್ನು ತೊಡೆದುಹಾಕಬೇಕೆನ್ನುವವರನ್ನು ಅವನು ಒಪ್ಪಲಿಲ್ಲ. ಅವನ ಹೆಸರನ್ನು ಹೊತ್ತ ಪಕ್ಷಿರಕ್ಷಣೆಯ ದೊಡ್ಡ ಸಂಘವು ೨೦೨೩ರಲ್ಲಿ ಆ ಹೆಸರನ್ನೇ ಉಳಿಸಿಕೊಳ್ಳುವುದಾಗಿ ತೀರ್ಮಾನಿಸಿತು. ಅದೇ ವರ್ಷ ಅಲ್ಲಿಯ ಪಕ್ಷಿಶಾಸ್ತ್ರಜ್ಞರ ಪರಿಷತ್ತು ಮನುಷ್ಯರ ಹೆಸರುಗಳನ್ನು ಹೊತ್ತ ಹಕ್ಕಿಗಳ ಬಳಕೆಯ ಹೆಸರುಗಳನ್ನು ಬದಲಾಯಿಸಲು ನಿಶ್ಚಯಿಸಿತು. ಹೆಸರು ಇಡುವುದು ಕೀಳುವುದು ಅವರವರ ಸಂಘದ ಅಧಿಕಾರ. ವಿಮರ್ಶಕನ ಅಧಿಕಾರವು ಪಟದೊಳಗಿನದು. ಕಲೆ ದೊಡ್ಡದಾದುದರಿಂದ ಮಾಡಿದ್ದೆಲ್ಲ ಕ್ಷಮ್ಯವೆಂಬ ವಾದವನ್ನು ನಾನು ಒಪ್ಪೆನು. ಮಾಡಿದವನು ಅಂಥವನಾದುದರಿಂದ ಪಟವನ್ನು ಗೋಡೆಗೆ ತಿರುಗಿಸಬೇಕೆಂಬುದನ್ನೂ ಒಪ್ಪೆನು. ಫ್ಲೆಮಿಂಗೋವಿನ ಕತ್ತಿನ ಬಾಗನ್ನು ಯಾವ ಆರೋಪವೂ ನೆಟ್ಟಗೆ ಮಾಡಲಾರದು. ದೋಣಿ ನಡೆಸಿದ ಇಬ್ಬರ ಹೆಸರನ್ನು ಯಾವ ಸ್ತೋತ್ರವೂ ತಂದುಕೊಡಲಾರದು.

ಆಡುಬನ್ನನು ೧೮೫೧ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಕೈಬರಿದಾದ ಲೂಸಿಯು ೧೮೬೩ರಲ್ಲಿ ಮೂಲಚಿತ್ರಗಳನ್ನು ಆ ನಗರದ ಐತಿಹಾಸಿಕ ಸಂಘಕ್ಕೆ ಮಾರಿದಳು. ತಾಮ್ರದ ತಗಡುಗಳಲ್ಲಿ ಬಹುಪಾಲು ಹಳೆಯ ಲೋಹದ ಬೆಲೆಗೆ ಹೋಗಿ ಕುಲುಮೆಯಲ್ಲಿ ಕರಗಿದುವು. ಕನ್ನಡದಲ್ಲಿ ಈತನನ್ನು ಕುರಿತು ಗ್ರಂಥ ಬರೆಯುವ ಉತ್ಸಾಹಿಗಳಿಗೆ ನನ್ನದೊಂದು ಬಿನ್ನಹವಿದೆ. ಅಚ್ಚಿನ ಪಟಗಳನ್ನಷ್ಟೇ ತೆಗೆದುಕೊಂಡು ತೃಪ್ತರಾಗಬಾರದು. ಹದ್ದಿನ ಮೂಲಚಿತ್ರವನ್ನು ೧೮೧ನೆಯ ಪಟದ ಎದುರು ಪುಟದಲ್ಲಿ ಹಾಕಿಸಬೇಕು, ದಿಮ್ಮಿಯ ಮೇಲಣ ಮನುಷ್ಯನು ಸ್ಪಷ್ಟವಾಗಿ ಕಾಣುವಷ್ಟು ದೊಡ್ಡದಾಗಿ. ಮೇಸನ್ನನು ಬರೆದ ಎಲೆಹೂಗಳಿರುವ ಕಡೆಯಲ್ಲೆಲ್ಲ ಪಟದ ಅಡಿಯಲ್ಲಿ ಅವನ ಹೆಸರನ್ನೂ ಅಚ್ಚು ಹಾಕಿಸಬೇಕು. ವಯಸ್ಸು ಹದಿಮೂರೆಂಬುದನ್ನೂ ಸೇರಿಸಿದರೆ ಬಾಲಕರು ಓದಿ ಸಂತೋಷಪಟ್ಟಾರು.