ಹೆದೆಯಿಲ್ಲದ ಬಿಲ್ಲು

ವೆನಿಸ್ಸಿನ ಕಲಾವಿದ ಟಿಷಿಯನ್ ರಚಿಸಿದ ‘ಆಕ್ಟಿಯಾನನ ಸಾವು’ ಚಿತ್ರದಲ್ಲಿ ಬೇಟೆಯ ದೇವತೆ ಡಯಾನಾ ಎಡಬದಿಯನ್ನೆಲ್ಲ ಆವರಿಸಿ, ಬಿಲ್ಲು ಹಿಡಿದು ಮುನ್ನುಗ್ಗುತ್ತಿದ್ದಾಳೆ. ಬಲಗಡೆ ಮರಗಳ ಮಬ್ಬಿನಲ್ಲಿ, ಅವಳಿಗಿಂತ ತೀರ ಚಿಕ್ಕದಾಗಿ ಕಾಣುವ ಆಕ್ಟಿಯಾನ್ ತನ್ನ ನಾಯಿಗಳ ಬಾಯಿಗೇ ಸಿಕ್ಕಿದ್ದಾನೆ. ಸ್ಪೇನಿನ ದೊರೆ ಎರಡನೆಯ ಫಿಲಿಪ್‌ಗಾಗಿ 1559ರ ಸುಮಾರಿಗೆ ತೊಡಗಿದ ಈ ಚಿತ್ರ ಅವನ ಕೈಸೇರಲೇ ಇಲ್ಲ. 1972ರಿಂದ ಇದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸ್ವತ್ತು.

ಕಥೆ ರೋಮನ್ ಕವಿ ಆವಿಡ್‌ನ ‘ಮೆಟಮಾರ್ಫಸಿಸ್’ ಕಾವ್ಯದ ಮೂರನೆಯ ಭಾಗದಲ್ಲಿದೆ. ಕಾಡಿನಲ್ಲಿ ದಾರಿ ತಪ್ಪಿದ ಆಕ್ಟಿಯಾನ್, ಮೀಯುತ್ತಿದ್ದ ಡಯಾನಾಳನ್ನು ಆಕಸ್ಮಿಕವಾಗಿ ಕಾಣುತ್ತಾನೆ. ಬಾಣಗಳು ಕೈಗೆಟುಕದ ಕಾರಣ ಅವಳು ನೀರನ್ನೇ ಅವನ ಮುಖಕ್ಕೆ ಎರಚುತ್ತಾಳೆ. ಅವನು ಜಿಂಕೆಯಾಗುತ್ತಾನೆ, ಅವನ ನಾಯಿಗಳೇ ಅವನನ್ನು ಸೀಳುತ್ತವೆ. ಕಾವ್ಯದ ಡಯಾನಾ ಬಿಲ್ಲು ಎತ್ತುವುದೇ ಇಲ್ಲ.

ಟಿಷಿಯನ್ ಮಾಡಿದ ಬದಲಾವಣೆಯ ತೂಕ ಇರುವುದು ಇಲ್ಲಿ. ಅಂದು ಕೈಗೆ ಸಿಗದಿದ್ದ ಆಯುಧವನ್ನು ಅವನು ದೇವತೆಯ ಕೈಗಿತ್ತಿದ್ದಾನೆ. ಆದರೆ ಆ ಬಿಲ್ಲಿಗೆ ಹೆದೆಯಿಲ್ಲ, ಬಾಣವೂ ಕಾಣದು. ಚಿತ್ರ ಅಪೂರ್ಣವಾಗಿ ಉಳಿದದ್ದೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಹೆದೆಯ ಕೊರತೆಯೊಂದರ ಮೇಲೆಯೇ ದೊಡ್ಡ ಸಂಕೇತವನ್ನು ಕಟ್ಟುವುದು ಆತುರವಾದೀತು. ಹೆದೆ ಇದ್ದಿದ್ದರೂ ಚಿತ್ರದ ಇಂಗಿತ ಹೆಚ್ಚು ಬದಲಾಗುತ್ತಿರಲಿಲ್ಲ: ಕೊಲ್ಲುವ ಕೆಲಸವನ್ನು ನಾಯಿಗಳು ಆಗಲೇ ಆರಂಭಿಸಿವೆ. ಬಿಲ್ಲು ಇಲ್ಲಿ ಕೊಲ್ಲುವ ಸಾಧನವಾಗಿರದೆ, ಈ ಸಾವು ಯಾರ ಇಚ್ಛೆಯಿಂದ ನಡೆಯುತ್ತಿದೆ ಎಂಬುದನ್ನು ತೋರುವ ಗುರುತಾಗಿದೆ. ಆಕೃತಿಗಳ ಗಾತ್ರದ ಅಂತರವೂ ಅದನ್ನೇ ಒತ್ತಿಹೇಳುತ್ತದೆ.

ಡಯಾನಾಳ ಕೆಂಪು ಛಾಯೆಯ ಉಡುಪು ಜಾರಿ ಒಂದು ಎದೆ ತೆರೆದಿದೆ. ಇದನ್ನು ಬರಿಯ ಶೃಂಗಾರವೆಂದು ಓದಿದರೆ ಸಾಲದು. ಯಾವ ಮೈಯನ್ನು ಕಂಡದ್ದಕ್ಕೆ ಆಕ್ಟಿಯಾನ್ ಸಾಯುತ್ತಿದ್ದಾನೋ ಅದೇ ಮೈಯನ್ನು ಚಿತ್ರ ನೋಡುಗನ ಮುಂದಿಡುತ್ತದೆ. ನೋಡುವವನೂ ಆ ತಪ್ಪಿನಲ್ಲಿ ಪಾಲುದಾರನಾಗುತ್ತಾನೆ. ದೊರೆಯ ಕಣ್ತಣಿಸಲು ಹೊರಟ ಚಿತ್ರದಲ್ಲಿ ಇದು ಸಣ್ಣ ಧೈರ್ಯವಲ್ಲ.

ಆವಿಡ್‌ನಲ್ಲಿ ಆಕ್ಟಿಯಾನ್ ಪೂರ್ತಿ ಜಿಂಕೆಯಾದ ಮೇಲೆಯೇ ನಾಯಿಗಳು ಎರಗುತ್ತವೆ. ಟಿಷಿಯನ್ ಜಿಂಕೆಯ ತಲೆಯನ್ನಷ್ಟೇ ಕೊಟ್ಟು ಉಳಿದ ದೇಹವನ್ನು ಮನುಷ್ಯನದಾಗಿಯೇ ಬಿಟ್ಟಿದ್ದಾನೆ. ಮಾತನಾಡುವ ಬಾಯಿ ಹೋಗಿದೆ, ನೋವುಣ್ಣುವ ಮೈ ಉಳಿದಿದೆ. ಹರಿತವಾದ ಅಂಚುಗಳಿಲ್ಲದ ಕಂದು, ಮಾಸಲು ಹಳದಿ ಬಣ್ಣಗಳ ಒರಟು ಲೇಪದಲ್ಲಿ ಆ ಮೈ, ನಾಯಿಗಳು, ಪೊದೆಗಳು ಒಂದರೊಳಗೊಂದು ಬೆರೆತಿವೆ.